ಬಸ್ಸು ಮೊದಲೋ, ಪಾರ್ಕಿಂಗ್ ಮಿತಿ ಮೊದಲೋ?

ಓದುಗರ ಪತ್ರ: ನಮ್ಮ ನಗರಸಭೆಯ ಕರಡು ಯೋಜನೆಯಲ್ಲಿ ಹೊಸ ಕಟ್ಟಡಗಳ ಪಾರ್ಕಿಂಗ್‌ಗೆ ಮಿತಿ ಹಾಕಿದ್ದಾರೆ. ಬಸ್ಸೇ ಸರಿಯಾಗಿ ಬರದ ಕಡೆ ಕಾರು ನಿಲ್ಲಿಸಲೂ ಜಾಗ ಇಲ್ಲ ಅಂದರೆ ಹೇಗೆ? ಮೊದಲು ಒಳ್ಳೆಯ ಬಸ್ಸು ಕೊಡಲಿ, ಪಾರ್ಕಿಂಗ್ ಮಾತು ಆಮೇಲೆ. ಸುಸ್ಥಿರ ಸಾರಿಗೆ ಅಂತ ನೀವೂ ಸುಮ್ನೆ ಹೊಗಳಬೇಡಿ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಉಳಿದರ್ಧಕ್ಕೆ ನನ್ನ ತಕರಾರು.

‘ಮೊದಲು ಬಸ್ಸು’ ಎನ್ನುವುದನ್ನು ಸ್ವೀಡನ್ನಿನ ಸ್ಟಾಕ್‌ಹೋಮ್ ಮಾಡಿಯೇ ನೋಡಿದೆ. 2005ರ ಆಗಸ್ಟ್‌ನಲ್ಲಿ ಅಲ್ಲಿ 197 ಹೊಸ ಬಸ್ಸು ಬಿಟ್ಟರು, 16 ಹೊಸ ಮಾರ್ಗ ತೆರೆದರು. ಬಸ್ಸುಗಳು ಓಡಿದವು, ಆದರೆ ರಸ್ತೆಯ ಮೇಲಿನ ಕಾರುಗಳು ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. 2006ರ ಜನವರಿಯಲ್ಲಿ ನಗರದೊಳಗೆ ಬರುವ ಕಾರುಗಳಿಗೆ ಶುಲ್ಕ ಹಾಕಿದರು. ಶುಲ್ಕ ವಲಯದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಪ್ರಯೋಗ ಜುಲೈಗೆ ಮುಗಿಯಿತು, ಸೆಪ್ಟೆಂಬರ್‌ನಲ್ಲಿ ಮತ ಕೇಳಿದಾಗ ನಗರದವರು ‘ಇರಲಿ’ ಎಂದರು. 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು. ಬಸ್ಸು ಮೊದಲೇ ಬಂದಿತ್ತು, ನಿಜ. ಆದರೆ ಬರೀ ಬಸ್ಸಿನಿಂದ ಕೆಲಸ ಆಗಲಿಲ್ಲ, ಅಲ್ವಾ?

ಶುಲ್ಕದ ಮಾತು ಬಿಡಿ, ನಿಮ್ಮ ಕರಡಿನಲ್ಲಿ ಅದು ಇಲ್ಲ. ಇರುವುದು ಪಾರ್ಕಿಂಗ್ ಮಿತಿ. ನನ್ನ ಕೇಳಿದರೆ ಇಡೀ ಕರಡಿನಲ್ಲಿ ಗಟ್ಟಿಯಾದ ಪುಟ ಅದೊಂದೇ. ಸೈಕಲ್ ಪಥದ ಬಣ್ಣಬಣ್ಣದ ಚಿತ್ರಗಳನ್ನು ಯಾರು ಬೇಕಾದರೂ ಹಾಕಬಹುದು.

ಲೆಕ್ಕ ನೋಡಿ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಬೇಕು. ಒಳಗೆ ಬರಲು, ತಿರುಗಿಸಲು ಬೇಕಾದ ದಾರಿ ಸೇರಿಸಿದರೆ 25 ದಾಟುತ್ತದೆ. ಮನೆಗೆ ಎರಡು ಕಾರಿನ ಜಾಗ ಕಡ್ಡಾಯ ಎಂದರೆ 50 ಚದರ ಮೀಟರ್. ಅದು ಒಂದು ಸಣ್ಣ ಫ್ಲ್ಯಾಟ್! ಅದರ ಖರ್ಚು ಮನೆ ಬೆಲೆಯೊಳಗೇ ಸೇರುವುದರಿಂದ ಕಾರೇ ಇಲ್ಲದವರೂ ಕೊಡುತ್ತಾರೆ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಈ ಜಾಗ ಮನೆಗಳನ್ನು ದೂರ ದೂರ ತಳ್ಳುತ್ತದೆ. ಒಂದು ನಿಲ್ದಾಣಕ್ಕೆ ನಡೆದು ಬರುವಷ್ಟು ಹತ್ತಿರ ಇರುವ ಮನೆಗಳು ಕಡಿಮೆಯಾಗುತ್ತವೆ. ಬಸ್ಸು ಖಾಲಿ ಓಡುತ್ತದೆ, ನಷ್ಟ ಅಂತ ಟ್ರಿಪ್ ಕಡಿತ ಆಗುತ್ತದೆ. ಆಮೇಲೆ ನಾವೇ ‘ಬಸ್ಸು ಬರಲ್ಲ, ಪಾರ್ಕಿಂಗ್ ಜಾಸ್ತಿ ಕೊಡಿ’ ಅನ್ನುತ್ತೇವೆ. ನೀವು ಕೇಳುತ್ತಿರುವ ಒಳ್ಳೆಯ ಬಸ್ಸಿಗೆ ಅಡ್ಡ ನಿಂತಿರುವುದು ಹಳೆಯ ಪಾರ್ಕಿಂಗ್ ನಿಯಮವೇ. ಲಂಡನ್ 2004ರಲ್ಲೇ ‘ಕನಿಷ್ಠ ಇಷ್ಟು ಜಾಗ ಕೊಡಲೇಬೇಕು’ ಎನ್ನುವುದನ್ನು ಬಿಟ್ಟು ‘ಇದಕ್ಕಿಂತ ಜಾಸ್ತಿ ಕೊಡಬಾರದು’ ಎಂದಿತು. ಬಿಲ್ಡರ್‌ಗಳೂ ಮೊದಲಿಗಿಂತ ಬಹಳ ಕಡಿಮೆ ಪಾರ್ಕಿಂಗ್ ಕಟ್ಟತೊಡಗಿದರು.

ಈಗ ನಿಮ್ಮ ಕಡೆಯ ನ್ಯಾಯಕ್ಕೆ ಬರೋಣ. ಇಂಥ ಯೋಜನೆಗಳಲ್ಲಿ ‘ಎಲ್ಲ ಮನೆಗಳಿಂದ 400 ಮೀಟರ್‌ನೊಳಗೆ ಬಸ್ ನಿಲ್ದಾಣ’ ಎಂದು ಬರೆದಿರುತ್ತಾರೆ. ಬಹಳ ಸಲ ಅದು ನಕ್ಷೆಯ ಮೇಲೆ ಕೈವಾರ ಇಟ್ಟು ಎಳೆದ ವೃತ್ತ. ನಿಲ್ದಾಣ ಬಡಾವಣೆಯ ಹಿಂದಿನ ಗೋಡೆಯ ಆಚೆಗೇ ಇರುತ್ತದೆ, ಗೋಡೆಗೆ ಬಾಗಿಲಿರುವುದಿಲ್ಲ. ಮುಂದಿನ ಗೇಟಿನಿಂದ ಸುತ್ತಿ ಬಂದರೆ ಒಂದು ಕಿಲೋಮೀಟರ್. ಮಳೆಯಲ್ಲಿ ಮಗು ಎತ್ತಿಕೊಂಡು ಅಷ್ಟು ನಡೆಯುವವರು ಎರಡನೇ ದಿನವೇ ಕಾರಿನ ಸಾಲಕ್ಕೆ ಅರ್ಜಿ ಹಾಕುತ್ತಾರೆ. ಇನ್ನು ಕೆಲವು ಕಡೆ ಒಳರಸ್ತೆಯ ತಿರುವಿನಲ್ಲಿ ಬಸ್ಸು ತಿರುಗುವುದೇ ಇಲ್ಲ!

ದುಡ್ಡಿನ ಪ್ರಶ್ನೆಯೂ ಇದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ನಗರಸಭೆ 2012ರಿಂದ 11 ಅಥವಾ ಅದಕ್ಕಿಂತ ಹೆಚ್ಚು ಪಾರ್ಕಿಂಗ್ ಜಾಗ ಕೊಡುವ ಕಚೇರಿ, ಕಾರ್ಖಾನೆಗಳಿಂದ ವರ್ಷಕ್ಕಿಷ್ಟು ಎಂದು ವಸೂಲಿ ಮಾಡುತ್ತಿದೆ. ಆ ಹಣವನ್ನು ಸಾರಿಗೆಗೇ ಖರ್ಚು ಮಾಡಬೇಕು. 2015ರಲ್ಲಿ ಅಲ್ಲಿ ಎರಡು ಹೊಸ ಟ್ರಾಮ್ ಮಾರ್ಗ ಶುರುವಾದದ್ದರಲ್ಲಿ ಈ ಹಣದ ಪಾಲೂ ಇದೆ.

ಆದ್ದರಿಂದ ಆಕ್ಷೇಪಣೆ ಖಂಡಿತ ಸಲ್ಲಿಸಿ, ‘ಪಾರ್ಕಿಂಗ್ ಮಿತಿ ಬೇಡ’ ಎಂದು ಮಾತ್ರ ಬರೆಯಬೇಡಿ. ಮೊದಲ ಮನೆಯ ಬೀಗದ ಕೈ ಕೊಡುವ ದಿನವೇ ಬಸ್ಸು ಓಡಬೇಕು, ಜನ ತುಂಬುವ ತನಕ ಅದರ ನಷ್ಟ ಬಿಲ್ಡರ್ ಭರಿಸಬೇಕು, 400 ಮೀಟರನ್ನು ಕಾಲುದಾರಿಯಲ್ಲೇ ಅಳೆಯಬೇಕು: ಈ ಮೂರನ್ನೂ ಪರವಾನಗಿಯ ಷರತ್ತಾಗಿ ಬರೆಸಿ, ಮುನ್ನುಡಿಯ ಆಶಯವಾಗಿ ಅಲ್ಲ. ಅಕ್ಕಪಕ್ಕದ ಬೀದಿಗಳಲ್ಲಿ ಕಾರು ನಿಲ್ಲಿಸಲು ಯಾರಿಗೆ ಪರ್ಮಿಟ್ ಕೊಡುತ್ತಾರೆ ಎಂದೂ ಕೇಳಿ. ಅದನ್ನು ಈಗಲೇ ತೀರ್ಮಾನಿಸದಿದ್ದರೆ ಹೊಸ ಕಟ್ಟಡದ ಕಾರುಗಳೆಲ್ಲ ಹಳೆಯ ಮನೆಗಳ ಗೇಟಿನ ಮುಂದೆ ಬಂದು ನಿಲ್ಲುತ್ತವೆ.