ಸೂಜಿ-ದಾರ: ಬಿಟ್ಟ ಕಸೂತಿ ಮತ್ತೆ ಕೈಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರದವು. ತವರಿನಲ್ಲೋ ಶಾಲೆಯಲ್ಲೋ ಕಲಿತ, ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿ ವರ್ಷಗಟ್ಟಲೆ ಮೂಲೆ ಸೇರಿತ್ತು, ಈಗ ಮತ್ತೆ ಹೊರಬಂದಿದೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಲಗ್ನಕ್ಕ ಮೊದಲ ಕಸೂತಿ ಕಲಿತಿದ್ದೆ. ಇಪ್ಪತ್ತು ವರ್ಷ ಆತು, ಸೂಜಿ ಮುಟ್ಟಿಲ್ಲ. ಈಗ ಮಗಳ ಇಳಕಲ್ ಸೀರಿ ಸೆರಗಿಗೆ ಹಾಕಬೇಕಂತ ಆಸೆ. ಸೀದಾ ಸೀರಿ ಮ್ಯಾಲೇ ಚಾಲೂ ಮಾಡಲೇನು?
— ಓದುಗಿ, ಸಿಂದಗಿ

ಬೇಡ ಅಕ್ಕಾ. ಇಳಕಲ್ ಸೀರೆಯ ನೂಲು ಸಣ್ಣದು. ಎಣಿಕೆಯ ರೂಢಿ ತಪ್ಪಿದ ಕಣ್ಣು ಮೊದಲ ಗೇಣಿನಲ್ಲೇ ಎಡವುತ್ತದೆ, ಬಿಚ್ಚಿದ ಕಡೆ ತೂತು ಉಳಿಯುತ್ತದೆ. ಎಳೆ ಎಣಿಸಲು ಸುಲಭವಾದ ಬಿಳಿ ಮ್ಯಾಟಿ ಬಟ್ಟೆ ಅರ್ಧ ಮೀಟರ್, ಗಾಢ ಬಣ್ಣದ ಆರೆಳೆ ಹತ್ತಿ ದಾರದ ಒಂದು ಲಡಿ, ಮೊಂಡು ತುದಿಯ 24ನೇ ನಂಬರಿನ ಸೂಜಿ, ಇಷ್ಟಿದ್ದರೆ ಒಂದು ತಿಂಗಳ ಅಭ್ಯಾಸಕ್ಕೆ ಸಾಕು. ಚೂಪು ಸೂಜಿ ಬಟ್ಟೆಯ ನೂಲನ್ನೇ ಸೀಳಿಕೊಂಡು ಹೋಗುತ್ತದೆ, ಮನೆ (ಎಳೆ ಎಣಿಸಿ ಹಿಡಿದ ಒಂದು ಹೊಲಿಗೆಯ ಜಾಗ) ತಪ್ಪುತ್ತದೆ.

ದಾರವನ್ನು ಒಂದು ಮೊಳಕ್ಕೆ, ಅಂದರೆ 18 ಇಂಚಿಗೆ ಕತ್ತರಿಸಿ, ಎರಡೆಳೆಯಲ್ಲಿ ಹೊಲಿಯಿರಿ. ಎಳೆಗಳನ್ನು ಒಂದೊಂದಾಗಿ ಹಿರಿದು ಆಮೇಲೆ ಜೋಡಿಸಿ. ಎರಡನ್ನೂ ಒಟ್ಟಿಗೆ ಎಳೆದರೆ ಉಳಿದ ನಾಲ್ಕು ಸಿಕ್ಕಾಗುತ್ತವೆ. 8 ಮೀಟರ್ ಲಡಿಯಿಂದ ಇಂಥ ಎರಡೆಳೆಯ ದಾರ ಐವತ್ತರಷ್ಟು ಸಿಗುತ್ತವೆ, ಆದ್ದರಿಂದ ಉಳಿತಾಯದ ಯೋಚನೆಯಿಂದ ಉದ್ದ ದಾರ ಹಾಕಬೇಡಿ. ಬಟ್ಟೆಯಲ್ಲಿ ನೂರು ಸಲ ಹಾದ ದಾರ ಜುಂಗುಜುಂಗಾಗಿ ಹೊಳಪು ಕಳೆದುಕೊಳ್ಳುತ್ತದೆ.

ಗವಂತಿಯಿಂದ (ಹೋಗಿ-ಬಂದು ತುಂಬುವ ಗೆರೆ ಹೊಲಿಗೆ) ಶುರು ಮಾಡಿ, ಆಮೇಲೆ ಮುರ್ಗಿ (ಮೆಟ್ಟಿಲಿನಂಥ ಅಂಕುಡೊಂಕು ಹೊಲಿಗೆ), ಆಮೇಲೆ ನೇಗಿ (ನೇಯ್ಗೆಯಂತೆ ಕಾಣುವ ಹೊಲಿಗೆ). ಮೆಂತಿ (ಗುಣಾಕಾರ ಚಿಹ್ನೆಯಂಥ ಹೊಲಿಗೆ) ಸುಲಭವೆಂದು ಅದನ್ನೇ ಮೊದಲು ಹಿಡಿಯುವವರು ಬಹಳ. ಕೈಗೆ ಸುಲಭವೇನೋ ಹೌದು, ಆದರೆ ಅದರಿಂದ ಎಣಿಕೆಯ ಶಿಸ್ತು ಬರುವುದಿಲ್ಲ. ಗಂಟು ಮಾತ್ರ ಹಾಕಲೇಬೇಡಿ. ಎರಡಿಂಚು ಬಾಲ ಬಿಟ್ಟು ಹೊರಡಿ, ಕೊನೆಗೆ ಅದನ್ನು ಹೊಲಿಗೆಯ ಗುಂಟ ಐದಾರು ಮನೆ ನುಸುಳಿಸಿ ಕತ್ತರಿಸಿ.

ಗವಂತಿಯಲ್ಲಿ ತುಳಸಿಕಟ್ಟೆ ತೆಗೆಯುತ್ತಿದ್ದೇನೆ. ವಾಪಸ್ ಬರುವಾಗ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇನೆ. ಮುಂದೆ ಹೊಲಿಗೆ ಆಗಲೇ ಇದೆ, ಹಿಂದೆ ಖಾಲಿ. ಏನು ತಪ್ಪು?
— ಓದುಗಿ, ಗುಳೇದಗುಡ್ಡ

ಕಸೂತಿಗೆ ಮರಳಿದವರೆಲ್ಲ ಮುಗ್ಗರಿಸುವ ಜಾಗ ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೆ ದಾರ ಎರಡೇ ಸಲ ಹಾಯಬೇಕು: ಒಮ್ಮೆ ಮುಖದ ಮೇಲೆ, ಒಮ್ಮೆ ಹಿಂಬದಿಯಲ್ಲಿ. ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ಬರುವಾಗ ಬಿಟ್ಟ ಮನೆ ತುಂಬುತ್ತದೆ. ನೇರ ಗೆರೆಯಲ್ಲಿ ಇದು ತಾನಾಗಿ ಆಗುತ್ತದೆ. ತಪ್ಪುವುದು ಕವಲಿನಲ್ಲಿ ಮತ್ತು ಮುಚ್ಚಿದ ಚೌಕದಲ್ಲಿ.

ಕವಲು ಬಂದಾಗ ಅದರ ತುದಿಯವರೆಗೆ ಹೋಗಿ, ಅಲ್ಲಿಂದ ಬುಡಕ್ಕೆ ಪೂರ್ತಿ ಮರಳಿ, ಆಮೇಲೆ ಮುಂದಕ್ಕೆ ನಡೆಯಿರಿ. ಮೂರು ಮನೆಯ ಕವಲಾದರೆ ಹೋಗಲು ಮೂರು, ಬರಲು ಮೂರು, ಒಟ್ಟು ಆರು. ಕವಲು ಎಷ್ಟೇ ಉದ್ದವಿರಲಿ, ಈ ಮೊತ್ತ ಸಮಸಂಖ್ಯೆಯೇ. ಆದ್ದರಿಂದ ಮುಖ್ಯ ದಾರಿಯ ಮೇಲೆ-ಕೆಳಗೆ ಕ್ರಮ ಕೆಡುವುದಿಲ್ಲ. ಕವಲನ್ನು ಒಮ್ಮುಖವಾಗಿ ಮುಗಿಸಿ ಮುಂದಕ್ಕೆ ಹಾರಿದರೆ, ಇಲ್ಲವೇ ಅವಸರದಲ್ಲಿ ಎರಡು ಮನೆಗೆ ಒಂದೇ ಹೊಲಿಗೆ ಹಾಕಿದರೆ, ಕ್ರಮ ಅಲ್ಲಿಂದ ಅದಲುಬದಲು.

ಚೌಕದ್ದು ಇನ್ನೊಂದು ಪೇಚು. ನಾಲ್ಕು ಮನೆಯ ಚೌಕವನ್ನು ಒಂದು ಸುತ್ತು ಬಂದಿರಿ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಮೊದಲ ಹೊಲಿಗೆ ಮತ್ತೆ ಮೇಲೆಯೇ ಬೀಳುತ್ತದೆ, ಅಲ್ಲಿ ದಾರ ಮೊದಲೇ ಇದೆ. ನಿಮ್ಮ ಕಟ್ಟೆಯ ಬುಡದಲ್ಲಿ ಆಗಿರುವುದು ಬಹುಶಃ ಇದೇ. ಸುತ್ತು ಮುಗಿದೊಡನೆ ದಿಕ್ಕು ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. ಆಗ ನಾಲ್ಕೂ ಬದಿ ಎರಡೂ ಕಡೆ ತುಂಬುತ್ತವೆ.

ಸಿಕ್ಕಿಹಾಕಿಕೊಂಡಾಗ ಒಂದು ಕಳ್ಳ ಹೊಲಿಗೆ ಹಾಕಿ ದಾಟಿಬಿಡುವ ಮನಸ್ಸಾಗುತ್ತದೆ. ದಾಟಬೇಡಿ, ಹಿಂಬದಿ ಚಾಡಿ ಹೇಳಿಯೇ ಹೇಳುತ್ತದೆ. ಕೊನೆಯ ಕವಲಿನವರೆಗೆ ಬಿಚ್ಚಿ. ಹೊಸ ಚಿತ್ತಾರ ಹಿಡಿಯುವ ಮೊದಲು ಚೌಕದ ಹಾಳೆಯ ಮೇಲೆ ಹೋಗುವ ದಾರಿಯನ್ನು ಒಂದು ಬಣ್ಣದಲ್ಲಿ, ಬರುವ ದಾರಿಯನ್ನು ಇನ್ನೊಂದರಲ್ಲಿ ಬಾಣ ಹಾಕಿ ಗುರುತಿಸಿದರೆ ಬಿಚ್ಚುವ ಕೆಲಸವೇ ಬರುವುದಿಲ್ಲ.

ಗೆರೆ ಹಲ್ಲುಹಲ್ಲಾಗಿ ಕಂಡರೆ ಅದಕ್ಕೂ ಕಾರಣವಿದೆ. ವಾಪಸ್ ಬರುವಾಗ ಸೂಜಿ ಹಳೆ ದಾರದ ಒಂದು ಮಗ್ಗುಲಲ್ಲಿ ಮೇಲೆ ಬಂದರೆ, ಇನ್ನೊಂದು ಮಗ್ಗುಲಲ್ಲಿ ಕೆಳಗಿಳಿಯಬೇಕು, ಪ್ರತಿ ಸಲವೂ. ಮುರ್ಗಿಯ ಮೆಟ್ಟಿಲು ಸೊಟ್ಟಗಾಗುವುದೂ ಇದನ್ನು ಮರೆತಾಗಲೇ. ಹಳೆ ದಾರವನ್ನು ಚುಚ್ಚಿ ಹಾಯ್ದರಂತೂ ಮುಂದೆ ಬಿಚ್ಚಲಿಕ್ಕೂ ಬರುವುದಿಲ್ಲ.

ನೇಗಿಯಲ್ಲಿ ಆನೆ ಅಂಬಾರಿ ತೆಗೆದೆ. ಬಟ್ಟೆ ಬಿಗಿಸುವ ರಿಂಗಿನಲ್ಲಿ ಚೆಂದ ಕಂಡಿತ್ತು, ರಿಂಗು ಬಿಚ್ಚಿದ ಮೇಲೆ ಬಟ್ಟೆ ಮುದುಡಿಕೊಂಡಿತು.
— ಓದುಗಿ, ಗೋಕಾಕ

ಸಾಲಿನ ಕೊನೆಯಲ್ಲಿ ತಿರುಗುವಾಗ ದಾರ ಬಿಗಿ ಎಳೆದಿದ್ದೀರಿ. ನೇಗಿಯ ದಾರ ನೇಯ್ಗೆಯ ಹಾಗೆ ಒಳಹೊರಗೆ ಹಾಯುತ್ತದೆ. ಅದರ ಉದ್ದ ಬಟ್ಟೆಯ ಉದ್ದಕ್ಕಿಂತ ಕಡಿಮೆಯಾದರೆ ಬಟ್ಟೆ ಮುದುಡದೆ ವಿಧಿಯಿಲ್ಲ. ಪ್ರತಿ ತಿರುವಿನಲ್ಲೂ ಸೂಜಿಯ ತುದಿ ಹಿಡಿಸುವಷ್ಟು ಸಡಿಲು ಬಿಡಿ, ನಾಲ್ಕು ಸಾಲಿಗೊಮ್ಮೆ ರಿಂಗು ಸಡಿಲಿಸಿ ನೋಡಿ. ಐದಾರು ಮನೆಗಿಂತ ಉದ್ದ ದಾರ ತೇಲಲು ಬಿಡಬೇಡಿ, ಬಳೆ, ಉಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತದೆ. ಈಗ ಆಗಿರುವುದನ್ನು ಇಸ್ತ್ರಿಯಿಂದ ಸರಿಮಾಡಲು ಆಗದು.

ಇಳಕಲ್ ಸೀರೆಯಲ್ಲಿ ಎಳೆ ಎಣಿಸಿ ಗೋಪುರ ಹಾಕಿದರೆ ಕುಳ್ಳಗೆ ಕಾಣುತ್ತದೆ. ಮೇಲೆ ನೆಟ್ (ಚೌಕ ತೂತಿನ ಬಲೆ ಬಟ್ಟೆ) ಇಟ್ಟು ಹೊಲಿಯುವುದು ವಾಸಿಯೇ?
— ಓದುಗಿ, ಹುನಗುಂದ

ಹಾಸು ಮತ್ತು ಹೊಕ್ಕಿನ (ಉದ್ದದ ಮತ್ತು ಅಡ್ಡದ ಎಳೆಗಳ) ದಟ್ಟಣೆ ಒಂದೇ ಇಲ್ಲ, ಅದಕ್ಕೇ ಕುಳ್ಳಗಾಗುತ್ತದೆ. ಸೆರಗಿನ ಮೂಲೆಯಲ್ಲಿ ನಾಲ್ಕೆಳೆಗೊಂದರಂತೆ ಅಡ್ಡ ಹತ್ತು, ಉದ್ದ ಹತ್ತು ಹೊಲಿಗೆ ಹಾಕಿ ಅಳೆಯಿರಿ. ಅಡ್ಡ 20 ಮಿ.ಮೀ., ಉದ್ದ 16 ಮಿ.ಮೀ. ಬಂದರೆ ಉದ್ದಕ್ಕೆ ಐದೆಳೆ ಹಿಡಿಯಿರಿ, ಎರಡೂ 20 ಆಗುತ್ತವೆ.

ರೂಢಿ ಬರುವವರೆಗೆ ನೆಟ್ ವಾಸಿ. ಗಂಜಿ ಇಲ್ಲದ್ದನ್ನು ಆರಿಸಿ, ನಾಲ್ಕೂ ಅಂಚಿಗೆ ಮತ್ತು ನಡುವೆ ಅಡ್ಡಲಾಗಿ ಕಚ್ಚಾ ಹೊಲಿಗೆ ಹಾಕಿ. ಇಲ್ಲಿ ಚೂಪು ಸೂಜಿಯೇ ಬೇಕು. ಆದರೆ ನೆಟ್ಟಿನ ನೂಲನ್ನು ಚುಚ್ಚದೆ, ತೂತಿನಲ್ಲೇ ಇಳಿಸಿ; ಚುಚ್ಚಿದರೆ ಕೊನೆಗೆ ನೂಲು ಹಿರಿಯುವಾಗ ಕಸೂತಿಯೂ ಜೊತೆಗೆ ಬರುತ್ತದೆ. ಮುಗಿದ ಮೇಲೆ ಅಡ್ಡ ನೂಲನ್ನೆಲ್ಲ ಒಂದೊಂದಾಗಿ ಹಿರಿಯಿರಿ, ಉದ್ದದವು ತಾವೇ ಸಡಿಲಾಗುತ್ತವೆ.

ಸಾಲಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಸೆರಗಿನ ಅಗಲ 45 ಇಂಚು, ನೆಟ್ಟಿನಲ್ಲಿ ಇಂಚಿಗೆ 14 ಮನೆ ಇದ್ದರೆ ಒಟ್ಟು 630. ಗೋಪುರ 32 ಮನೆ, ನಡುವೆ 4 ಬಿಟ್ಟರೆ ಹದಿನೇಳೂವರೆ ಗೋಪುರವಾಗಿ ಕೊನೆಯದು ಅರ್ಧಕ್ಕೆ ನಿಲ್ಲುತ್ತದೆ. 3 ಬಿಟ್ಟು ನೋಡಿ: 18 ಗೋಪುರ ಕೂತು ಅಂಚಿಗೆ ಮೂರೇ ಮನೆ ಉಳಿಯುತ್ತವೆ. ಹೊಲಿಗೆಯನ್ನು ಯಾವಾಗಲೂ ನಡುವಿನಿಂದ ಎರಡೂ ಬದಿಗೆ ಒಯ್ಯಿರಿ. (ಖಣದ, ಅಂದರೆ ರವಿಕೆ ಬಟ್ಟೆಯ ಮೇಲೆ ಕಸೂತಿ ಹಾಕಲೇ ಎಂದೂ ಕೇಳಿದ್ದೀರಿ. ಖಣದಲ್ಲಿ ನೇಯ್ದ ಬುಟ್ಟಿ ಚಿತ್ತಾರವೇ ತುಂಬಿರುತ್ತದೆ, ನಿಮ್ಮ ಕೆಲಸ ಅದರಲ್ಲಿ ಕಾಣುವುದೇ ಇಲ್ಲ.)

ಚಂದ್ರಕಾಳಿ ಸೀರೆಯ ಕರಿ ಬಟ್ಟೆಯಲ್ಲಿ ಎಳೆ ಕಾಣವಲ್ದು. ಕೆಂಪು ದಾರ ಬಣ್ಣ ಬಿಟ್ಟೀತೇ ಅಂತಲೂ ಹೆದರಿಕೆ.
— ಓದುಗಿ, ಜಮಖಂಡಿ

ತೊಡೆಯ ಮೇಲೆ ಬಿಳಿ ಟಾವೆಲ್ ಹಾಸಿಕೊಂಡು, ಬೆಳಗಿನ ಬೆಳಕಿನಲ್ಲಿ ಕೂತುಕೊಳ್ಳಿ. ಕೆಳಗಿನ ಬಿಳುಪು ಎಳೆಗಳ ಸಂದಿನಲ್ಲಿ ಇಣುಕಿ ಎಣಿಕೆ ಸಿಗುತ್ತದೆ. ಕೆಂಪು ದಾರದ ಒಂದು ತುಂಡನ್ನು ತೋಯಿಸಿ, ಬಿಳಿ ಬಟ್ಟೆಯಲ್ಲಿ ಮಡಿಸಿ, ಮೇಲೆ ಬಿಸಿ ಇಸ್ತ್ರಿ ಒತ್ತಿ. ಕಲೆ ಬಿದ್ದರೆ ಆ ಲಡಿಯನ್ನು ಸೀರೆಗೆ ಬಳಸಬೇಡಿ. ಸೀರೆಯ ಸೆರಗಿನ ಒಂದು ಮೂಲೆಯನ್ನೂ ಇದೇ ರೀತಿ, ಇಸ್ತ್ರಿ ಇಲ್ಲದೆ ಬರೀ ಒತ್ತಿ ನೋಡಿ.