‘ಏನೂ ತೊಂದ್ರೆ ಇಲ್ರೀ’ ಅಂದರೆ ಏನು ಬರೆದುಕೊಳ್ಳಬೇಕು?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬೆಳಗಾವಿ ಜಿಲ್ಲೆಯ ಸೈನಿಕರ ಹೆಂಡಂದಿರ ಮಾನಸಿಕ ಒತ್ತಡ ನನ್ನ ವಿಷಯ. ಅಮೆರಿಕದ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದು 40 ಮನೆ ಸುತ್ತಿದೆ. ಎಲ್ಲ ಕಡೆ ಚಹಾ ಸಿಕ್ಕಿತು, ಉತ್ತರ ಸಿಗಲಿಲ್ಲ. ‘ಏನೂ ತೊಂದ್ರೆ ಇಲ್ರೀ, ಆರಾಮ ಅದೀವಿ’ ಅಂತಾರೆ. ಗೈಡ್ ಇನ್ನೂ 60 ಮನೆ ಮಾಡು ಅಂತಿದ್ದಾರೆ. ಗಂಡಂದಿರನ್ನೂ ಕೇಳೋಣ ಅಂದರೆ ಯೂನಿಟ್‌ನಿಂದ ಅನುಮತಿ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ: ಇನ್ನೂ 60 ಮನೆ ಸುತ್ತಬೇಡಿ. ಅದೇ ಪ್ರಶ್ನೆ ಕೇಳಿದರೆ ಇನ್ನೂ 60 ಲೋಟ ಚಹಾ ಸಿಗುತ್ತದೆ, ಅಷ್ಟೇ.

ಒಂದು ಮಾತು ಹೇಳಿ. ನೀವು ಕೇಳುವಾಗ ಪಕ್ಕದಲ್ಲಿ ಯಾರು ಕೂತಿದ್ದರು? ಅತ್ತೆ ಇದ್ದರು ಅಲ್ವಾ? ಹಾಗಿದ್ದರೆ ಆ ಹೆಣ್ಣುಮಗಳು ಉತ್ತರ ಕೊಟ್ಟಿದ್ದು ನಿಮಗಲ್ಲ, ಅತ್ತೆಗೆ.

ಇದು ನಮ್ಮ ಹಳ್ಳಿಗಳಿಗಷ್ಟೇ ಅಂಟಿದ್ದಲ್ಲ. ಇರಾಕ್‌ನಿಂದ ಮರಳಿದ ಅಮೆರಿಕದ ಸೈನಿಕರನ್ನು ಎರಡು ರೀತಿ ಕೇಳಿ ನೋಡಿದರು. ಒಂದು, ದಾಖಲೆಗೆ ಹೋಗುವ ಮಾಮೂಲಿ ತಪಾಸಣೆ. ಇನ್ನೊಂದು, ಹೆಸರೇ ಬರೆಯದ ಹಾಳೆ. 2011ರಲ್ಲಿ ಫಲಿತಾಂಶ ಬಂತು. ಹೆಸರಿಲ್ಲದ ಹಾಳೆಯಲ್ಲಿ ತೊಂದರೆ ಇದೆ ಅಂದವರು ಎರಡರಿಂದ ನಾಲ್ಕು ಪಟ್ಟು ಜಾಸ್ತಿ. ಮನುಷ್ಯರು ಅವರೇ, ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಬದಲಾಗಿದ್ದು ‘ಇದನ್ನು ಯಾರು ಓದ್ತಾರೆ’ ಅನ್ನುವ ಭಯ ಮಾತ್ರ. ನಿಮ್ಮ ಹಾಳೆಯ ಮೇಲ್ಭಾಗದಲ್ಲಿ ಗಂಡನ ಹೆಸರು, ರ‍್ಯಾಂಕು, ಯೂನಿಟ್ ಕೇಳಿದ್ದರೆ ಇವತ್ತೇ ತೆಗೆದುಹಾಕಿ.

ಇನ್ನು ಪ್ರಶ್ನೆ ಕೇಳುವ ಬಗೆ. ಒಮ್ಮೆ ನಾನೂ ಹೀಗೇ ಒಂದು ಮನೆಯಲ್ಲಿ ಕೂತಿದ್ದೆ. ಮಂಚದ ಕೆಳಗೆ ಗಂಡನ ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಅರ್ಧ ಗಂಟೆ ‘ಎಲ್ಲ ಆರಾಮ’ ಆಯಿತು. ಪೆನ್ನು ಮುಚ್ಚಿ ಏಳುವಾಗ ಸುಮ್ನೆ ಕೇಳಿದೆ, ‘ಅವ್ರು ಸೂಟಿಗೆ ಬಂದಾಗ ಮೊದಲನೇ ವಾರ ಹೆಂಗಿರತದ?’ ಆಕೆ ನಕ್ಕುಬಿಟ್ಟರು. ‘ಜ್ವಾಳದ ಡಬ್ಬಿ ಇಲ್ಲ್ಯಾಕ ಇಟ್ಟಿ ಅಂತಾರ್ರೀ. ಅವ್ರು ಹೇಳಿದ್ ಕಡೆ ಇಡತೀನಿ. ಅವ್ರು ಬಸ್ ಹತ್ತಿದ ಮ್ಯಾಲ ಮತ್ತ ಎಳಕೊಂಡು ನನ್ನ ಜಾಗಾಕ್ಕ ಇಡತೀನಿ.’ ಆಮೇಲೆ ಒಂದು ಗಂಟೆ ಮಾತಾಡಿದರು. ಸಣ್ಣ ಮಗ ಅಪ್ಪನನ್ನು ‘ಅಂಕಲ್’ ಅಂದಿದ್ದು, ಬ್ಯಾಂಕಿನ ಕೆಲಸವೆಲ್ಲ ತಾನೇ ಕಲಿತಿದ್ದು, ರಜೆಯ ಎರಡು ತಿಂಗಳು ಏನೂ ಬಾರದವಳಂತೆ ಇರಬೇಕಾಗಿದ್ದು.

ಆ ಡಬ್ಬಿಯೇ ನಿಮ್ಮ ವಿಷಯ. 1970ರ ದಶಕದಲ್ಲಿ ಪಾಲಿನ್ ಬಾಸ್ ಎಂಬ ಅಮೆರಿಕದ ಸಂಶೋಧಕಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಮನೆಗಳನ್ನು ಅಧ್ಯಯನ ಮಾಡಿದರು. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಮನೆಯ ಲೆಕ್ಕದಲ್ಲಿ ಅವನು ಒಳಗೋ ಹೊರಗೋ? ಆಕೆ ಕೇಳಿದ್ದು ಇದನ್ನೇ. ಅಳು ಎಷ್ಟು ಅಂತ ಅಳೆಯುವುದಕ್ಕಿಂತ, ಮನೆಯಲ್ಲಿ ಅವನ ಕೆಲಸ ಈಗ ಯಾರು ಮಾಡುತ್ತಾರೆ ಅಂತ ನೋಡುವುದು ಹೆಚ್ಚು ಹೇಳುತ್ತದೆ. ನಮ್ಮ ಜವಾನರದ್ದು ಅಷ್ಟು ಘೋರ ಸ್ಥಿತಿಯಲ್ಲ ನಿಜ. ಆದರೆ ವರ್ಷಾವರ್ಷ ಬಂದು ಹೋಗುವವನ ಜಾಗ ಎಲ್ಲಿ ಅನ್ನುವ ಪ್ರಶ್ನೆ ಇಲ್ಲೂ ಇದೆ. ‘ನಿಮಗೆ ಒತ್ತಡ ಇದೆಯಾ’ ಅಂತ ಕೇಳಬೇಡಿ. ಬೋರಿನ ಮೋಟರ್ ಸುಟ್ಟರೆ ಯಾರನ್ನು ಕರೀತೀರಿ, ಎಟಿಎಂ ಕಾರ್ಡ್ ಯಾರ ಕೈಲಿ, ಫೋನ್ ಬರದಿದ್ದರೆ ಎಷ್ಟು ದಿನ ಸುಮ್ಮನಿರ್ತೀರಿ, ಇವನ್ನು ಕೇಳಿ. ಅತ್ತೆ ಹೊಲಕ್ಕೆ ಹೋದ ಹೊತ್ತಿನಲ್ಲಿ.

ಅನುವಾದದ ವಿಷಯಕ್ಕೆ ಬಂದರೆ, ‘ಭಾವನಾತ್ಮಕವಾಗಿ ಮರಗಟ್ಟಿದ ಅನುಭವ’ ಅಂತ ಏನಾದರೂ ಬರೆದಿದ್ದೀರಾ? ಬರೆದಿದ್ದರೆ ಅರ್ಧ ಜನ ಕಾಲು ಜೋಮು ಹಿಡಿಯುವುದಕ್ಕೆ ಟಿಕ್ ಹಾಕಿರುತ್ತಾರೆ. ‘ಜೀವ ಝಲ್ ಅಂತು’, ‘ತಲಿ ಕೆಟ್ಟದ’ ಅಂತ ಅವರೇ ಅನ್ನುವ ಮಾತುಗಳನ್ನು ಮೊದಲು ಕಲೆಹಾಕಿ. ಅಂಕಿಗಳನ್ನೂ ಕಣ್ಣುಮುಚ್ಚಿ ಆಮದು ಮಾಡಿಕೊಳ್ಳಬೇಡಿ. ವಿಯೆಟ್ನಾಂನಲ್ಲಿ ಸೇವೆ ಮಾಡಿ ಬಂದ ಅಮೆರಿಕದ ಗಂಡಸರಲ್ಲಿ ಸುಮಾರು 30% ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಮನೋವ್ಯಾಧಿ, ಇತ್ತು ಎಂದು 1980ರ ದಶಕದ ಕೊನೆಯ ದೊಡ್ಡ ಅಧ್ಯಯನ ಹೇಳಿತು. ಅದೇ ದತ್ತಾಂಶವನ್ನು ಸೈನ್ಯದ ದಾಖಲೆಗಳ ಜೊತೆ ತಾಳೆ ನೋಡಿ, ಇನ್ನೂ ಬಿಗಿಯಾದ ಅಳತೆಯಲ್ಲಿ ಲೆಕ್ಕ ಹಾಕಿದಾಗ 2006ರಲ್ಲಿ ಅದು 18.7%ಕ್ಕೆ ಇಳಿಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2010ರಲ್ಲಿ ಬ್ರಿಟನ್ನಿನ ಪಡೆಗಳಲ್ಲಿ ಕಂಡಿದ್ದು ಪಿಟಿಎಸ್‌ಡಿ 4%, ಅತಿಯಾದ ಕುಡಿತ 13%. ನಿಮ್ಮ ಪ್ರಶ್ನಾವಳಿಯಲ್ಲಿ ಗಂಡನ ಕುಡಿತದ ಬಗ್ಗೆ ಎಷ್ಟು ಪ್ರಶ್ನೆ ಇವೆ? ಮಿಲಿಟರಿ ಕ್ಯಾಂಟೀನ್ ಕಾರ್ಡಿಗೆ ಸಿಗುವ ರಮ್ ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

ಅನುಮತಿ ಸಿಗದಿದ್ದರೆ ಬಿಡಿ. ಸೇವೆಯಲ್ಲಿರುವವನು ಮೇಲಿನವರು ಹೇಳಿ ಕಳಿಸಿದರೆ ನಿಮ್ಮ ಮುಂದೆ ಕೂರುತ್ತಾನೆ. ಅದು ಒಪ್ಪಿಗೆ ಅಲ್ಲ, ಆರ್ಡರ್. ಮಾಜಿ ಸೈನಿಕರ ಕಡೆ ಹೋಗಿ. 2018ರ ಬ್ರಿಟಿಷ್ ಅಧ್ಯಯನದಲ್ಲಿ ಇರಾಕ್, ಅಫ್ಘಾನಿಸ್ತಾನದಲ್ಲಿ ನೇರವಾಗಿ ಕಾದಾಡಿ, ಆಮೇಲೆ ಸೈನ್ಯ ಬಿಟ್ಟವರಲ್ಲಿ ಪಿಟಿಎಸ್‌ಡಿ 17% ಇತ್ತು. ಒಟ್ಟಾರೆ ಎಲ್ಲರನ್ನೂ ಸೇರಿಸಿದರೆ 6% ಮಾತ್ರ. ನಮ್ಮಲ್ಲಿ 2022ಕ್ಕಿಂತ ಮೊದಲು ಸಿಪಾಯಿಯಾಗಿ ಸೇರಿದವನು ನಲವತ್ತರ ಆಸುಪಾಸಿನಲ್ಲೇ ‘ಮಾಜಿ’ ಆಗಿಬಿಡುತ್ತಾನೆ. ಮಕ್ಕಳು ಇನ್ನೂ ಹೈಸ್ಕೂಲು. ಆಗ ಆ ಡಬ್ಬಿ ಎಲ್ಲಿ ಇರಬೇಕು ಅನ್ನುವ ಜಗಳ ರಜೆ ಮುಗಿದರೂ ಮುಗಿಯುವುದಿಲ್ಲ.

ಪ್ರಶ್ನೆ: ನಾನು 24 ವರ್ಷ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತನಾದವನು. ಕಾಲೇಜಿನ ಮಕ್ಕಳು ಫಾರಂ ಹಿಡಿದುಕೊಂಡು ಬರುತ್ತಾರೆ. ಒಬ್ಬಳು ಬಂದವಳೇ ‘ಅಂಕಲ್, ಯಾರನ್ನಾದ್ರೂ ಕೊಂದಿದ್ದೀರಾ?’ ಅಂದಳು. ಎದ್ದು ಒಳಗೆ ಹೋದೆ. ಉತ್ತರ ಕೊಡದಿದ್ದರೆ ತಪ್ಪೇ? ಇದರಿಂದ ನಮಗೇನು ಲಾಭ?

ಉತ್ತರ: ತಪ್ಪಿಲ್ಲ. ಅದು ಸಂಶೋಧನೆಯಲ್ಲ, ಕುತೂಹಲ. ಸರಿಯಾದ ಸಂಶೋಧಕರು ಮೊದಲು ಕನ್ನಡದಲ್ಲಿ ಒಪ್ಪಿಗೆ ಪತ್ರ ಕೊಡಬೇಕು. ನೀವು ನಡುವೆಯೇ ಸಾಕು ಅನ್ನಬಹುದು, ಕಾರಣ ಕೊಡಬೇಕಿಲ್ಲ. ಯೂನಿಟ್, ಜಾಗ, ಆಪರೇಷನ್ ವಿಷಯ ಎತ್ತಿದರೆ ಖಂಡಿತ ಹೇಳಬೇಡಿ. ಈ ಕಿವಿಮಾತು ನಿಮಗೆ ಬೇಕಿಲ್ಲ ಬಿಡಿ.

ಲಾಭದ ಬಗ್ಗೆ ನೇರವಾಗಿ ಹೇಳ್ತೀನಿ. ನಿಮಗೆ ಇವತ್ತು ಏನೂ ಇಲ್ಲ. ಪೆನ್ಷನ್ ಒಂದು ರೂಪಾಯಿ ಏರುವುದಿಲ್ಲ. ಆದರೆ 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ವಿಯೆಟ್ನಾಂನಿಂದ ಮರಳಿದ ಹುಡುಗರು ತಾವೇ ಗುಂಪು ಕಟ್ಟಿಕೊಂಡು ಕೂತು ಮಾತಾಡತೊಡಗಿದರು. ರಾಬರ್ಟ್ ಲಿಫ್ಟನ್, ಖೈಮ್ ಶಾಟನ್ ಎಂಬ ಮನೋವೈದ್ಯರೂ ಅಲ್ಲಿ ಬಂದು ಕೂತರು. ಹುಡುಗರು ಹೇಳಿದ್ದಕ್ಕೆ ಆಗಿನ ವೈದ್ಯರ ಪುಸ್ತಕದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಆ ಹುಡುಗರೂ ವೈದ್ಯರೂ ಬೆನ್ನು ಬಿದ್ದ ಮೇಲೆ, 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಅಧಿಕೃತ ರೋಗಪಟ್ಟಿಗೆ ಸೇರಿತು. ಮಾತು ಶುರು ಮಾಡಿದ್ದು ಪ್ರೊಫೆಸರುಗಳಲ್ಲ, ನಿಮ್ಮಂಥವರು.

ಆ ಹುಡುಗಿ ಮತ್ತೆ ಬಂದರೆ ಫಾರಂ ಇಸಿದುಕೊಳ್ಳಿ. ಉತ್ತರ ತುಂಬಬೇಡಿ. ಕೆಂಪು ಪೆನ್ನಿನಲ್ಲಿ ಪ್ರಶ್ನೆಗಳನ್ನು ತಿದ್ದಿ ವಾಪಸ್ ಕೊಡಿ.