ಜೂನಿಯರ್ ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ) ವಿಶ್ವ ಚಾಂಪಿಯನ್‌ಶಿಪ್‌ಗೆ ದೇಶಗಳು ಹೇಗೆ ಅರ್ಹತೆ ಪಡೆಯುತ್ತವೆ?

ಮುಖ್ಯ ಟೂರ್ನಿಯಲ್ಲಿ ಪುರುಷರಿಗೆ 10, ಮಹಿಳೆಯರಿಗೆ 10 ತಂಡಗಳಿಗೆ ಮಾತ್ರ ಜಾಗ. ಉಳಿದ ದೇಶಗಳಿಗೆ ದಾರಿ ಅಂದರೆ ವರ್ಲ್ಡ್ ಜೂನಿಯರ್-ಬಿ ಚಾಂಪಿಯನ್‌ಶಿಪ್. ಅಲ್ಲಿ ಮೊದಲ ಮೂರು ಸ್ಥಾನ ಪಡೆದವರು ಮೇಲಿನ ಹಂತಕ್ಕೆ ಹೋಗುತ್ತಾರೆ.

ಈ ಬಿ ಟೂರ್ನಿ ಶುರುವಾಗಿದ್ದು 2016ರಲ್ಲಿ, ಫಿನ್ಲೆಂಡ್‌ನ ಲೋಹ್ಯಾದಲ್ಲಿ. ಅದಕ್ಕೂ ಮೊದಲು ಯುರೋಪಿನವರಿಗೆ ಒಂದು ಅರ್ಹತಾ ಟೂರ್ನಿ, ಏಷ್ಯಾ-ಪೆಸಿಫಿಕ್‌ನವರಿಗೆ ಇನ್ನೊಂದು ಇತ್ತು. ಎರಡನ್ನೂ ಸೇರಿಸಿದ್ದು ಒಳ್ಳೆಯದೇ ಆಯಿತು ಅನ್ನೋದು ನನ್ನ ಅಭಿಪ್ರಾಯ. ಸಣ್ಣ ದೇಶದ ಹುಡುಗರಿಗೆ ಬೇರೆ ಖಂಡದವರ ಜೊತೆ ಆಡುವ ಅವಕಾಶ ಸಿಗುತ್ತದೆ, ಅಲ್ವಾ? ಮನೆಯಲ್ಲೇ ಆಡಿದರೆ ಅಂಥ ಅನುಭವ ಎಲ್ಲಿ ಬರಬೇಕು!

ಮುಖ್ಯ ಟೂರ್ನಿಯಲ್ಲಿ ಕೊನೆಯ ಸ್ಥಾನಗಳಲ್ಲಿ ಉಳಿದವರು ಮತ್ತೆ ಬಿ ಹಂತಕ್ಕೆ ಇಳಿಯಬೇಕು. ಹಾಗಾಗಿ ಪದಕದ ಆಸೆ ಇಲ್ಲದ ತಂಡಗಳ ನಡುವಿನ ಪಂದ್ಯಗಳೂ ಜೋರಾಗಿರುತ್ತವೆ. ಆಟಗಾರರು 21 ವರ್ಷದೊಳಗಿನವರು.